ಹಿಡಿಯುವವನನ್ನು ಕಂಡುಕೊಂಡ ಕತೆ

ಕಬಡ್ಡಿ ನೋಡಲು ನಿಂತವರ ಕಣ್ಣೆಲ್ಲ ಎದುರಿನ ಅಂಕಣಕ್ಕೆ ನುಗ್ಗುವ ರೇಡರ್ ಮೇಲೆ. ಹಾವೇರಿ ಜಿಲ್ಲೆಯ ಯಾವ ಊರಿನ ಜಾತ್ರೆಗೆ ಹೋದರೂ, ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಮೈಕಿನಲ್ಲಿ ಕೂಗುವುದು ರೇಡರನ ಹೆಸರು, ಸಿಳ್ಳೆ ಬೀಳುವುದು ಅವನಿಗೆ, ನೂರರ ನೋಟು ಹಿಡಿದು ಹಿರಿಯರು ಗೆರೆಯ ಹತ್ತಿರ ಬರುವುದೂ ಅವನಿಗಾಗಿಯೇ. ಆದರೆ ಎದುರಿನ ತಂಡದ ರೇಡರ್ ಮೂಲೆಯಲ್ಲಿ ಸಿಕ್ಕಿಬಿದ್ದಾಗ ಅಂಕಣದ ಹಿಂಗೆರೆಯಾಚೆ ಇನ್ನೊಂದು ನಡೆಯುತ್ತದೆ. ಔಟಾಗಿ ಸಾಲಾಗಿ ಕೂತವರಲ್ಲಿ ಮೊದಲನೆಯವನು ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡು ಒಳಗೆ ಓಡುತ್ತಾನೆ. ಅವನನ್ನು ಎಬ್ಬಿಸಿದವನು ಆ ಹೊತ್ತಿಗೆ ಇನ್ನೂ ನೆಲದ ಮೇಲೇ ಇರುತ್ತಾನೆ, ನಾಲ್ಕು ಜನರ ಕೆಳಗೆ, ಎದುರಾಳಿಯ ಕಣಕಾಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು.

ತಂಡದಲ್ಲಿ ಒಬ್ಬ ಗಟ್ಟಿ ಆಳು ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಯಾಕೆ ಇರಬೇಕು ಎಂದು ಕೇಳಿದರೆ ಎದುರಿನವರು ಹೆದರಲಿ ಎಂದು ಹಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಗಟ್ಟಿ ಆಟಗಾರ ಇರುವುದು ಎದುರಿನವರಿಗಾಗಿ ಅಲ್ಲ, ತನ್ನವರಿಗಾಗಿ. ಹೊರಗೆ ಕೂತ ಗೆಳೆಯನನ್ನು ಒಳಗೆ ಕರೆತರುವುದೇ ಅವನ ಕೆಲಸ. ಆ ಕೆಲಸವನ್ನು ಯಾರೂ ಒಂದು ದಿನ ಕೂತು ರೂಪಿಸಿದ್ದಲ್ಲ. ನಿಯಮ ಬರೆದವರಿಗೂ ಅದು ಅಲ್ಲಿ ಇದೆ ಎಂದು ಪೂರ್ತಿ ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆಡಿದವರು ಆಡುತ್ತ ಆಡುತ್ತ ಅದನ್ನು ಕಂಡುಕೊಂಡರು.

ನಿಯಮಗಳು ಅಚ್ಚಾಗುವ ಮೊದಲು ಈ ಆಟಕ್ಕೆ ಊರಿಗೊಂದು ಬಗೆ ಇತ್ತು. ನಮ್ಮ ಕಡೆಯೂ ಮಹಾರಾಷ್ಟ್ರದ ಕಡೆಯೂ ಹುತುತು ಎಂದರೆ, ತಮಿಳುನಾಡಿನಲ್ಲಿ ಚಡುಗುಡು. ಆ ಬಗೆಗಳಲ್ಲಿ ಮುಖ್ಯವಾದವು ಅಮರ, ಗಾಮಿನಿ ಮತ್ತು ಸಂಜೀವಿನಿ. ಅಮರದಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ, ಎದುರಿನವರಿಗೆ ಅಂಕ ಕೊಟ್ಟು ಆಡುತ್ತಲೇ ಇರುತ್ತಾನೆ. ಗಾಮಿನಿಯಲ್ಲಿ ಹೋದವನು ಹೋದ. ಒಂದು ತಂಡದ ಎಲ್ಲರೂ ಔಟಾಗುವವರೆಗೆ ಅವನಿಗೆ ಒಳಗೆ ಜಾಗವಿಲ್ಲ. ಸಂಜೀವಿನಿಯಲ್ಲಿ ಮಾತ್ರ ಎದುರಿನವರಲ್ಲಿ ಒಬ್ಬ ಔಟಾದರೆ ನಮ್ಮವರಲ್ಲಿ ಒಬ್ಬ ಎದ್ದು ಬರುತ್ತಾನೆ.

ಹಿಡಿಯುವವನ ಕಡೆಯಿಂದ ಈ ಮೂರನ್ನೂ ನೋಡಿದರೆ ವ್ಯತ್ಯಾಸ ದೊಡ್ಡದು. ಅಮರದಲ್ಲಿ ಅವನ ಹಿಡಿತಕ್ಕೆ ಸಿಗುವುದು ಒಂದು ಅಂಕ, ಅಷ್ಟೇ. ಗಾಮಿನಿಯಲ್ಲಿ ಒಬ್ಬ ಎದುರಾಳಿ ಕಡಿಮೆಯಾಗುತ್ತಾನೆ, ಆದರೆ ಕಳೆದುಹೋದ ತನ್ನವನು ಮರಳುವುದಿಲ್ಲ. ಸಂಜೀವಿನಿಯಲ್ಲಿ ಒಂದೇ ಹಿಡಿತಕ್ಕೆ ಅಲ್ಲಿ ಒಬ್ಬ ಇಳಿದು ಇಲ್ಲಿ ಒಬ್ಬ ಏರುತ್ತಾನೆ. ಐದು ಜನರಿದ್ದ ತಂಡ ಆರಾಗುವಾಗಲೇ ಆರು ಜನರಿದ್ದ ತಂಡ ಐದಾಗುತ್ತದೆ. ಬಲವಾದ ಕೈಗಳಿಗೆ ಆಟದೊಳಗೆ ನಿಜವಾದ ಜಾಗ ಸಿಕ್ಕಿದ್ದು ಇಲ್ಲಿ.

ಮಹಾರಾಷ್ಟ್ರದ ಆಟಗಾರರೂ ವ್ಯಾಯಾಮಶಾಲೆಗಳವರೂ ಸೇರಿ 1918ರಲ್ಲಿ ಒಂದು ನಿಯಮಾವಳಿ ಮಾಡಿದರು. ಅದು ಅಚ್ಚಾಗಿ ಬಂದದ್ದು 1923ರಲ್ಲಿ. ಅದೇ ವರ್ಷ ಆ ನಿಯಮಗಳ ಪ್ರಕಾರ ಬರೋಡಾದಲ್ಲಿ ಅಖಿಲ ಭಾರತ ಪಂದ್ಯಾವಳಿ ನಡೆಯಿತು. ಮುಂದೆ 1938ರಲ್ಲಿ ಕಲ್ಕತ್ತಾದ ಕ್ರೀಡಾಕೂಟ, 1950ರಲ್ಲಿ ರಾಷ್ಟ್ರೀಯ ಒಕ್ಕೂಟ, 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟ. ಇಷ್ಟು ದೂರ ಬಂದ ಆಟ ಸಂಜೀವಿನಿಯ ಆ ಒಂದು ಗುಣವನ್ನು ಬಿಡಲಿಲ್ಲ.

ಇದರ ಜೊತೆಗೆ ಇನ್ನೊಂದು ಸಣ್ಣ ನಿಯಮವಿದೆ. ನೋಡುವವರು ಅದನ್ನು ಗಮನಿಸುವುದು ಕಡಿಮೆ, ಆಡುವವರು ಒಂದು ಗಳಿಗೆಯೂ ಮರೆಯುವುದಿಲ್ಲ. ಔಟಾದವರು ಔಟಾದ ಸರದಿಯಲ್ಲೇ ಕೂರಬೇಕು, ಅದೇ ಸರದಿಯಲ್ಲಿ ಏಳಬೇಕು. ತಂಡದ ಮುಖ್ಯ ರೇಡರ್ ಮೂರನೆಯವನಾಗಿ ಔಟಾಗಿದ್ದರೆ ಅವನು ಬೇಕೆಂದಾಗ ಬರಲಾರ. ಮುಂದಿನ ಇಬ್ಬರು ಎದ್ದ ಮೇಲೆಯೇ ಅವನ ಪಾಳಿ. ಎದುರಿನವರಲ್ಲಿ ಮೂವರು ಬಿದ್ದರೆ ಮಾತ್ರ ಅವನು ಮತ್ತೆ ಒಳಗೆ. ಬೋನಸ್ ಅಂಕದಿಂದ ಯಾರೂ ಏಳುವುದಿಲ್ಲ. ಎದುರಿನ ತಂಡ ಪೂರ್ತಿ ಔಟಾದಾಗ ಸಿಗುವ ಲೋನಾದ ಎರಡು ಅಂಕ, ದಂಡವಾಗಿ ಬರುವ ತಾಂತ್ರಿಕ ಅಂಕ, ಇವುಗಳಿಂದಲೂ ಇಲ್ಲ. ಮುಟ್ಟಿ ಔಟ್ ಮಾಡಿದರೆ ಏಳುತ್ತಾರೆ, ನಿಜ. ಆದರೆ ಮುಟ್ಟಿ ಬರಬಲ್ಲವನೇ ಹೊರಗೆ ಕೂತಿರುವಾಗ ಉಳಿದ ದಾರಿ ಒಂದೇ: ಹಿಡಿಯುವುದು.

ಅದಕ್ಕೇ ಒಳ್ಳೆಯ ಕಾರ್ನರ್ ಆಟಗಾರ, ಅಂದರೆ ಮೂಲೆಯಲ್ಲಿ ನಿಂತು ಹಿಡಿಯುವವನು, ಸ್ಕೋರ್ ಬೋರ್ಡಿಗಿಂತ ಹೆಚ್ಚಾಗಿ ಹೊರಗೆ ಕೂತವರ ಸಾಲು ನೋಡುತ್ತಾನೆ. ತನ್ನ ರೇಡರ್ ಮೊದಲನೆಯವನೋ ಮೂರನೆಯವನೋ ಎಂಬುದರ ಮೇಲೆ ಅವನ ಧೈರ್ಯದ ಲೆಕ್ಕ ಬದಲಾಗುತ್ತದೆ. ಮೊದಲನೆಯವನಾಗಿದ್ದರೆ ಅಪಾಯವಿದ್ದರೂ ಮೈಮೇಲೆ ಬೀಳಬಹುದು. ಮೂರನೆಯವನಾಗಿದ್ದರೆ ಕಾಯಬೇಕು, ಒಂದು ಹಿಡಿತ ತಪ್ಪಿದರೆ ದಾರಿ ಇನ್ನಷ್ಟು ಉದ್ದ. ಹೊರಗಿನಿಂದ ಬರೀ ತಾಕತ್ತಿನಂತೆ ಕಾಣುವುದರ ಒಳಗೆ ಇಷ್ಟು ಲೆಕ್ಕವಿದೆ.

ಗಟ್ಟಿ ಆಟಗಾರ ಇರುವುದು ತನ್ನವರಿಗಾಗಿ ಎಂಬ ಅರಿವು ಬೇರೆ ದಾರಿಯಿಂದ ಕೆನಡಾದ ಐಸ್ ಹಾಕಿಗೂ ಬಂತು. ಜಾನ್ ಫರ್ಗುಸನ್ ಎಂಬ ಹುಡುಗ ವ್ಯಾಂಕೂವರ್‌ನಲ್ಲಿ, ಅಲ್ಲಿನ ಎರಡನೇ ಮಟ್ಟದ ಲೀಗಿನ ಒಂದು ತಂಡಕ್ಕೆ ಆಟದ ಕೋಲುಗಳನ್ನು ಎತ್ತಿಕೊಡುವ ಕೆಲಸ ಮಾಡುತ್ತಿದ್ದ. ಒಂದು ಪಂದ್ಯದಲ್ಲಿ ಆ ತಂಡದ ಚುರುಕು ಆಟಗಾರ ಫಿಲ್ ಮಲೋನಿಯನ್ನು ಎದುರಿನ ತಂಡದ ಲ್ಯಾರಿ ಝೈಡೆಲ್ ಹಿಗ್ಗಾಮುಗ್ಗಾ ಬಡಿದ. ಮಲೋನಿಯ ಜೊತೆಗಾರರಲ್ಲಿ ಒಬ್ಬನೂ ಬಿಡಿಸಲು ಮುಂದೆ ಬರಲಿಲ್ಲ. ಕೋಲು ಹಿಡಿದು ನಿಂತಿದ್ದ ಹುಡುಗನ ಮನಸ್ಸಿನಲ್ಲಿ ಅದು ಉಳಿಯಿತು. ಬಡಿದವನ ಮೇಲಿನ ಸಿಟ್ಟಿಗಿಂತ ಸುಮ್ಮನೆ ನಿಂತವರ ಮೇಲಿನ ಸಿಟ್ಟೇ ಅವನನ್ನು ಮುಂದೆ ನಡೆಸಿತು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ.

ಫರ್ಗುಸನ್ ದೊಡ್ಡವನಾಗಿ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ತಂಡದಲ್ಲಿ ಆಡಿದರು. ಅದೂ ಅಮೆರಿಕನ್ ಹಾಕಿ ಲೀಗ್ ಎಂಬ ಎರಡನೇ ಮಟ್ಟದ ಲೀಗಿನ ತಂಡವೇ. ಅತ್ತ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದಲ್ಲಿ ಜಾನ್ ಬೆಲಿವೋ ಅವರಂಥ ಮಹಾನ್ ಆಟಗಾರರಿದ್ದರೂ ಎದುರಾಳಿಗಳ ಪೆಟ್ಟಿನಿಂದ ಅವರನ್ನು ಕಾಯುವ ಆಳು ಬೇಕಾಗಿತ್ತು. 1963ರಲ್ಲಿ ಫರ್ಗುಸನ್ ಅವರನ್ನು ಕರೆಸಿಕೊಂಡರು. ಆ ಅಕ್ಟೋಬರ್ 8ರಂದು ಬಾಸ್ಟನ್ ವಿರುದ್ಧದ ಮೊದಲ ಪಂದ್ಯ ಶುರುವಾಗಿ 12 ಸೆಕೆಂಡಿಗೆ ಅವರು ಆ ತಂಡದ ಟೆಡ್ ಗ್ರೀನ್ ಜೊತೆ ಕೈಕೈ ಮಿಲಾಯಿಸಿದರು. ಅದೇ ಪಂದ್ಯದಲ್ಲಿ ಎರಡು ಗೋಲನ್ನೂ ಹೊಡೆದರು. ಎಂಟು ಋತು ಆಡಿ ಅಲ್ಲಿನ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಐದು ಸಲ ಗೆದ್ದ ತಂಡದಲ್ಲಿದ್ದರು. ತಂಡದ ಪಟ್ಟಿಯಲ್ಲಿ ಗಟ್ಟಿ ಆಟಗಾರನಿಗೆಂದೇ ಒಂದು ಜಾಗ ಇಡುವ ಪದ್ಧತಿ ಅಲ್ಲಿ ಬೇರೂರಿದ್ದು ಆ ಕಾಲದಿಂದ.

ಆದರೆ ಅಲ್ಲಿ ಆ ಜಾಗ ಕೆಟ್ಟಿತು. ಫರ್ಗುಸನ್ ಗೋಲು ಹೊಡೆಯುತ್ತಿದ್ದರು, ಆಡುತ್ತಿದ್ದರು. ಅವರ ನಂತರ ಬಂದ ಹಲವರಿಗೆ ಹೊಡೆದಾಟವನ್ನಷ್ಟೇ ಬಿಟ್ಟರು. 1974–75ರ ಋತುವಿನಲ್ಲಿ ಫಿಲಡೆಲ್ಫಿಯಾದ ಡೇವ್ ಶುಲ್ಟ್ಸ್ ಒಬ್ಬರೇ 472 ನಿಮಿಷ ದಂಡದ ಪೆಟ್ಟಿಗೆಯಲ್ಲಿ ಕೂರುವಷ್ಟು ಶಿಕ್ಷೆ ಪಡೆದರು; ಆ ದಾಖಲೆ ಇವತ್ತಿಗೂ ಮುರಿದಿಲ್ಲ. 2011ರಲ್ಲಿ ಅಂಥದೇ ಇನ್ನೊಬ್ಬ ಆಟಗಾರ ಡೆರೆಕ್ ಬೂಗಾರ್ಡ್ 28ನೇ ವಯಸ್ಸಿಗೆ ತೀರಿಕೊಂಡಾಗ, ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ಬರುವ ಕಾಯಿಲೆ ಅವರ ಮೆದುಳಿನಲ್ಲಿ ಕಂಡುಬಂತು. ಅವರ ಕೆಲಸವೇ ಮುಷ್ಟಿಯ ಪೆಟ್ಟು ಕೊಡುವುದು ಮತ್ತು ತಿನ್ನುವುದಾಗಿತ್ತು. ಅಮೆರಿಕನ್ ಹಾಕಿ ಲೀಗ್ 2016–17ರಿಂದ, ಒಂದು ಋತುವಿನಲ್ಲಿ ಹತ್ತು ಸಲ ಹೊಡೆದಾಡಿದವನನ್ನು ಮುಂದಿನ ಪಂದ್ಯಕ್ಕೆ ಹೊರಗಿಡುವ ನಿಯಮ ತಂದಿತು. ಫರ್ಗುಸನ್ ಬೆಳೆದು ಬಂದ ಲೀಗೇ ಅದು.

ಕಬಡ್ಡಿಯಲ್ಲಿ ಹಾಗಾಗಲಿಲ್ಲ. ಹಾಕಿಯಲ್ಲಿ ಹೊಡೆದಾಟ ಶುರುವಾದರೆ ಆಟ ನಿಲ್ಲುತ್ತದೆ; ಕಬಡ್ಡಿಯಲ್ಲಿ ಹಿಡಿತವೇ ಆಟ. ಗಟ್ಟಿತನಕ್ಕೆ ಆಟದ ಒಳಗೇ ಕೆಲಸ ಇರುವುದರಿಂದ ಅದು ಹೊರಗೆ ಹೋಗಿ ಬೇರೆ ರೂಪ ತಾಳಬೇಕಾಗಿಲ್ಲ. ನಿಯಮ ಮಾಡಿದವರು ಬೇಲಿಯನ್ನೂ ಸರಿಯಾದ ಕಡೆ ಹಾಕಿದ್ದಾರೆ. ರೇಡರನ ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ. ಕೂದಲು, ಬಟ್ಟೆ ಹಿಡಿಯುವಂತಿಲ್ಲ. ಕಾಲುಗಳಿಂದ ಕತ್ತರಿ ಹಾಕುವಂತಿಲ್ಲ. ಬೇಕೆಂದೇ ಗೆರೆಯಾಚೆ ನೂಕುವಂತಿಲ್ಲ. ಕೈ, ಕಾಲು, ನಡು ಹಿಡಿ, ಮತ್ತೇನೂ ಬೇಡ. ಹಳದಿ ಕಾರ್ಡ್ ಬಿದ್ದರೆ ಎರಡು ನಿಮಿಷ ಹೊರಗೆ. ಏಳು ಜನರ ತಂಡಕ್ಕೆ ಆ ಎರಡು ನಿಮಿಷ ಎಷ್ಟು ಭಾರ ಎಂದು ಆಡಿದವರಿಗೇ ಗೊತ್ತು.

ಈಗ ಆ ಹಿಡಿತವನ್ನು ಹತ್ತಿರದಿಂದ ನೋಡೋಣ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ರೇಡರ್ ಯಾರನ್ನೂ ಮುಟ್ಟದೆ ಮರಳುವುದಿದ್ದರೆ ಬಾಕ್ ಲೈನನ್ನಾದರೂ ದಾಟಲೇಬೇಕು, ಇಲ್ಲದಿದ್ದರೆ ಅವನೇ ಔಟ್. ಆರು ಅಥವಾ ಏಳು ಜನ ಎದುರಿಗಿದ್ದಾಗ ಬೋನಸ್ ಗೆರೆಯಾಚೆ ಒಂದು ಕಾಲಿಟ್ಟು ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಒಂದು ಅಂಕ. ಕಾರ್ನರ್ ಆಟಗಾರ ಕಾಯುವುದು ಅದೇ ಗಳಿಗೆಗೆ. ಇನ್ನೊಂದು ಕಾಲು ಮೇಲೆದ್ದಾಗ ಮೈಭಾರವೆಲ್ಲ ಊರಿದ ಕಾಲಿನ ಮೇಲಿರುತ್ತದೆ. ಆ ಕಾಲನ್ನು ಅವನು ಎಳೆದುಕೊಳ್ಳಲಾರ, ತಿರುಗಿಸಲಾರ. ಅರ್ಧ ಸೆಕೆಂಡೂ ಇಲ್ಲದ ಆ ಬಿಡುವಿನಲ್ಲಿ ಕಾರ್ನರ್ ಮುಂದಕ್ಕೆ ಜಿಗಿಯುತ್ತಾನೆ. ಎರಡೂ ಕೈ ಕಣಕಾಲಿನ ಸುತ್ತ, ಒಂದರ ಮೇಲೊಂದು. ತಲೆ ಹೊರಬದಿಗೆ, ಒಳಗಿಟ್ಟರೆ ರೇಡರನ ಇನ್ನೊಂದು ಮೊಣಕಾಲು ನೇರ ಮುಖಕ್ಕೆ. ಭುಜವನ್ನು ಮೀನಖಂಡಕ್ಕೆ ಒತ್ತಿ, ಕಾಲನ್ನು ನೆಲ ಬಿಡಿಸಿ ಎತ್ತಬೇಕು. ಅಷ್ಟರಲ್ಲಿ ಕಾರ್ನರ್‌ನ ಒಳಬದಿಗೆ ನಿಲ್ಲುವ ಕವರ್ ಆಟಗಾರರು ಬಂದು ನಡುವಿಗೆ ಬೀಳದಿದ್ದರೆ ರೇಡರ್ ಅವನನ್ನೂ ಎಳೆದುಕೊಂಡೇ ನಡುಗೆರೆಗೆ ಹೋಗುತ್ತಾನೆ. ಹಿಡಿದವನು, ನೆರವಿಗೆ ಬಂದು ಮುಟ್ಟಿದವರು, ಎಲ್ಲರೂ ಔಟ್.

ನಮ್ಮ ಕಡೆಯ ತರಬೇತುದಾರರು ಹುಡುಗರಿಗೆ ಮೊದಲು ಹೇಳಿಕೊಡುವುದು ಇದನ್ನೇ: ತಮ್ಮಾ, ಮಾರಿ ನೋಡಬ್ಯಾಡ, ಕಾಲ ನೋಡು. ರೇಡರ್ ಮುಖದಿಂದ, ಕಣ್ಣಿನಿಂದ, ಭುಜದ ಅಲುಗಾಟದಿಂದ ಮೋಸ ಮಾಡಬಹುದು. ಊರಿದ ಕಾಲಿನಿಂದ ಮೋಸ ಮಾಡುವುದು ಕಷ್ಟ. ಗಟ್ಟಿ ಆಟಗಾರ ಎಂದರೆ ದಪ್ಪ ಆಟಗಾರ ಎಂದು ತಿಳಿದವರು ಇಲ್ಲಿ ಎಡವುತ್ತಾರೆ.

ಹಾವೇರಿ ಸೀಮೆಯ ಊರಾಟಗಳಲ್ಲಿ ಇದನ್ನು ಚೆನ್ನಾಗಿ ಕಲಿಸಿದ್ದು ತೂಕದ ಪಂದ್ಯಾವಳಿಗಳು ಎಂದು ನಾನು ಎಣಿಸುತ್ತೇನೆ. ಇಂತಿಷ್ಟು ಕೆ.ಜಿ. ಒಳಗಿನವರಿಗೆ ಮಾತ್ರ ಎಂದು ಪೋಸ್ಟರಿನಲ್ಲೇ ಹಾಕಿರುತ್ತಾರೆ, ಪಂದ್ಯದ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಅಲ್ಲಿ ಮೈಭಾರದಿಂದ ಗೆಲ್ಲುವ ದಾರಿ ಮುಚ್ಚಿದೆ. ಎಲ್ಲರೂ ಒಂದೇ ತೂಕದವರಾದಾಗ ಹಿಡಿಯುವವನು ಗಟ್ಟಿಯಾಗಲು ಉಳಿಯುವುದು ಸಮಯ, ಮುಂಗೈ ಮತ್ತು ಪಕ್ಕದವನ ಜೊತೆಗಿನ ಹೊಂದಿಕೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ, ರಾಣೆಬೆನ್ನೂರಿನ ಸುತ್ತ ಹೊಲಗಳಲ್ಲಿ ದುಡಿಯುವ ಹುಡುಗರ ಮುಂಗೈಗಳಿಗೆ ಬಲ ಬೇರೆ ಕಡೆಯಿಂದ ಬರಬೇಕಾಗಿಲ್ಲ. ಕಲಿಯಬೇಕಾದದ್ದು ಕಾಯುವುದನ್ನು.

ಮಣ್ಣಿನ ಮಾತೂ ಇಲ್ಲಿ ಬರಬೇಕು. ಎರೆ ಮಣ್ಣಿನ ಅಂಕಣಕ್ಕೂ ಮಸಾರಿ ಮಣ್ಣಿನ ಅಂಕಣಕ್ಕೂ ಹಿಡಿತ ಬೇರೆ. ನೀರು ಹೊಡೆದು ಹದ ಮಾಡಿದ ನೆಲದಲ್ಲಿ ಬರಿಗಾಲಿನ ಬೆರಳು ಊರಿ ನಿಲ್ಲಬಹುದು, ಬಿದ್ದರೆ ಭುಜ ಉಳಿಯುತ್ತದೆ. ಮ್ಯಾಟ್ ಮೇಲೆ ಬೂಟು ಬೇಕು, ಓಟ ಜೋರು, ಬಿದ್ದರೆ ಚರ್ಮ ಸುಲಿಯುತ್ತದೆ. ಮಣ್ಣಿನಲ್ಲಿ ಕಲಿತ ಕಾರ್ನರ್ ಮ್ಯಾಟಿಗೆ ಹೋದಾಗ ಮೊದಮೊದಲು ಅರ್ಧ ಹೆಜ್ಜೆ ತಡವಾಗುತ್ತಾನೆ. ಎದುರಿನವನ ಕಾಲು ಅಲ್ಲಿ ಬೇಗ ಮರಳುತ್ತದೆ.

ಹಾವೇರಿ ಜಿಲ್ಲೆಯ ಬಗ್ಗೆ ಬರೆಯುವಾಗ ಹೋರಿ ಹಬ್ಬ ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ದೀಪಾವಳಿಯಿಂದ ಶುರುವಾಗಿ ಊರಿಂದೂರಿಗೆ ಸಾಗುವ ಆ ಹಬ್ಬದಲ್ಲಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಯನ್ನು ತಡೆದು ಹಾರ ಕಿತ್ತವನು ಗೆದ್ದ, ಸಿಗದೆ ದಾಟಿ ಹೋದರೆ ಹೋರಿ ಗೆದ್ದಿತು. ಓಡಿ ಬರುವ ಬಲದ ಎದುರು ನಿಂತು, ಸರಿಯಾದ ಗಳಿಗೆಗೆ ಪಕ್ಕದಿಂದ ಬೀಳುವ ಅಭ್ಯಾಸ ಈ ನೆಲದಲ್ಲಿ ಕಬಡ್ಡಿಗಿಂತ ಮೊದಲೇ ಇತ್ತು. ಎದುರಿಗೆ ಹೋದವನನ್ನು ಹೋರಿ ಒಗೆಯುತ್ತದೆ. ರೇಡರನೂ ಅಷ್ಟೇ.

ಇಷ್ಟಾದರೂ ಹಿಡಿಯುವವನಿಗೆ ಬೆಲೆ ಬಂದದ್ದು ತಡವಾಗಿ. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಅದರಲ್ಲಿ ಸೂಪರ್ ಟ್ಯಾಕಲ್ ಎಂಬ ನಿಯಮವಿದೆ: ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೇಡರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ. ಏಳುವವನು ಆಗಲೂ ಒಬ್ಬನೇ. ಆದರೆ ಸೋತೇಹೋಯಿತು ಎಂದು ಜನ ಎದ್ದು ಹೊರಡುತ್ತಿದ್ದ ಹೊತ್ತಿಗೇ, ಇಬ್ಬರೇ ಉಳಿದ ತಂಡದ ಮೂಲೆಯವನ ಮೇಲೆ ಎಲ್ಲರ ಕಣ್ಣು ನೆಡುವಂತಾಯಿತು. ಟಿ.ವಿ.ಯ ಕ್ಯಾಮೆರಾ ಕಣಕಾಲಿನ ಮಟ್ಟಕ್ಕೆ ಇಳಿಯಿತು, ಅದೇ ಹಿಡಿತವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿತು.

ಆ ಲೀಗಿನ ಆಟಗಾರರ ಹರಾಜಿನ ಅಂಕಿಗಳು ಉಳಿದದ್ದನ್ನು ಹೇಳುತ್ತವೆ. 2016ರಲ್ಲಿ ಬೆಂಗಳೂರು ಬುಲ್ಸ್ ತಂಡ ಬಲ ಕಾರ್ನರ್ ಮೋಹಿತ್ ಛಿಲ್ಲರ್ ಅವರಿಗೆ 53 ಲಕ್ಷ ರೂಪಾಯಿ ಕೊಟ್ಟಿತು. ಆ ಹರಾಜಿನ ಅತಿ ದೊಡ್ಡ ಮೊತ್ತ ಅದೇ. 2018ರಲ್ಲಿ ಲೀಗಿನಲ್ಲಿ ಮೊದಲು ಒಂದು ಕೋಟಿ ಮುಟ್ಟಿದ ಆಟಗಾರ ರೇಡರ್ ಅಲ್ಲ, ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ. ಅದೇ ವರ್ಷ ಆಗಸ್ಟಿನಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. 1990ರಿಂದ ಸತತ ಏಳು ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡ ಅಂದು ಫೈನಲ್ ತಲುಪಲಿಲ್ಲ. ನಮ್ಮ ರೇಡರ್‌ಗಳ ಹೆಸರು ದೊಡ್ಡದಿತ್ತು, ಅವರ ಹಿಡಿತ ದೊಡ್ಡದಾಗಿತ್ತು. ಕುಸ್ತಿಯ ಬೇರು ಆಳಕ್ಕಿಳಿದ ದೇಶ ಕಬಡ್ಡಿಗೆ ತಂದುಕೊಟ್ಟದ್ದು ಅದನ್ನೇ.

ಅಲ್ಲಿಂದ ಮುಂದಿನ ಅಧ್ಯಾಯದಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಅರ್ಜುನ ಪ್ರಶಸ್ತಿ ಪಡೆದ ನಮ್ಮ ಬಿ.ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೆ, 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ತಂಡಕ್ಕೆ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಆ ಪುಣೇರಿ ತಂಡ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಎಂಬ ಎಡ ಕಾರ್ನರ್‌ಗೆ 2.35 ಕೋಟಿ ರೂಪಾಯಿ ಕೊಟ್ಟಿತ್ತು. ಫೈನಲ್‌ನ ಅಂಕ 28–25. ರೇಡರ್‌ಗಳು ಬಿಡುಬೀಸಾಗಿ ಆಡಿದ ಪಂದ್ಯದಲ್ಲಿ ಇಷ್ಟು ಕಡಿಮೆ ಅಂಕ ಬರುವುದಿಲ್ಲ.

ಕೋಟಿಯ ಬೆಲೆ ಮೇಲಿನವರ ಮಾತಾಯಿತು. ಊರಾಟದ ಕಾರ್ನರ್ ಹುಡುಗನ ಬೆರಳು ಮುರಿಯುತ್ತದೆ, ಭುಜ ಕೀಲು ತಪ್ಪುತ್ತದೆ, ಮೊಣಕಾಲು ಕೈಕೊಡುತ್ತದೆ. ಮರುದಿನ ಅದೇ ಕೈಯಿಂದ ಅವನು ದುಡಿಯಬೇಕು. ಪಂದ್ಯಾವಳಿ ನಡೆಸುವವರು ಪೆಂಡಾಲಿಗೆ, ಲೈಟಿಗೆ, ಟ್ರೋಫಿಗೆ ಹಣ ಕೂಡಿಸುವಾಗ ಆಟಗಾರರ ಚಿಕಿತ್ಸೆಗೂ ಒಂದು ಪಾಲು ತೆಗೆದಿಡಬೇಕು; ಆ ಪಾಲು ಮೊದಲು ಸಲ್ಲಬೇಕಾದದ್ದು ಹಿಡಿಯುವವರಿಗೆ, ಯಾಕೆಂದರೆ ಹೆಚ್ಚು ಪೆಟ್ಟು ತಿನ್ನುವವರು ಅವರೇ.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಾಗಿಲ್ಲ. ಪಂದ್ಯಾವಳಿಯ ಕೊನೆಯಲ್ಲಿ ಬೆಸ್ಟ್ ರೇಡರ್, ಬೆಸ್ಟ್ ಕ್ಯಾಚರ್ ಎಂದು ಎರಡು ಕಪ್ ಕೊಡುತ್ತಾರೆ. ಕ್ಯಾಚರನನ್ನು ಆರಿಸುವುದು ಎಷ್ಟು ಜನರನ್ನು ಹಿಡಿದ ಎಂಬ ಲೆಕ್ಕದಿಂದ. ಅವನ ಹಿಡಿತದಿಂದ ಯಾರು ಎದ್ದು ಬಂದರು, ಯಾವ ಹೊತ್ತಿಗೆ ಬಂದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಬರೆಯಲು ಬೇಕಾದದ್ದೆಲ್ಲ ಮೈದಾನದಲ್ಲೇ ಇದೆ. ಔಟಾದವರು ಸರದಿಯಲ್ಲಿ ಕೂತಿದ್ದಾರೆಯೇ, ಸರದಿಯಲ್ಲಿ ಎದ್ದರೇ ಎಂದು ನೋಡಿ ಗುರುತು ಹಾಕಿಕೊಳ್ಳಲು ಆ ಸಾಲಿನ ಪಕ್ಕದಲ್ಲಿ ಒಬ್ಬ ಸಹಾಯಕ ಸ್ಕೋರರ್ ಹಾಳೆ ಹಿಡಿದು ಕೂತೇ ಇರುತ್ತಾರೆ. ಎದ್ದವನ ನಂಬರಿನ ಎದುರಿಗೆ ಎಬ್ಬಿಸಿದವನ ನಂಬರನ್ನೂ ಅವರು ಬರೆದುಕೊಂಡರೆ ಸಾಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಸಂಘಟಕರು ಬರುವ ಜಾತ್ರೆಯ ಪಂದ್ಯಾವಳಿಯಿಂದಲೇ ಇದನ್ನು ಶುರು ಮಾಡಬಹುದು.